ಎದುರಾಳಿಯ ಕಾಫಿ

ಮೇಡಮ್ ತೀರಿಕೊಂಡ ಸುದ್ದಿ ಬಂದಾಗ ನಾನು ಬೇರೊಂದು ಸುದ್ದಿಗೆ ಕಾಯುತ್ತಿದ್ದೆ. ಪಿಎಚ್.ಡಿ. ಪ್ರವೇಶದ ಫಲಿತಾಂಶ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಆ ವಾರವೆಲ್ಲ ಕುಣಿಗಲ್ಲಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಫೋನನ್ನು ಕಣ್ಣೆದುರೇ ಇಟ್ಟುಕೊಂಡು ಕೂರುತ್ತಿದ್ದೆ. ಅದು ಹೊಡೆದುಕೊಂಡ ಕೂಡಲೇ ಎತ್ತಿಕೊಂಡೆ. ನೋಡಿದರೆ ಮೇಡಮ್ ಅವರ ತಂಗಿ. "ಅಕ್ಕ ಹೋಗ್ಬಿಟ್ಲು ಕಣಮ್ಮ" ಅಂದರು.

ಸಂಜೆಯೊಳಗೆ ಮೇಡಮ್ ಶಿಷ್ಯರ ವಾಟ್ಸಾಪ್ ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳು ತುಂಬಿಹೋದವು. 'ಸೌಮ್ಯ ಸ್ವಭಾವದ ಗುರುಗಳು' ಅಂತ ಯಾರೋ ಪುಣ್ಯಾತ್ಮ ಬರೆದ. ಅಳುತ್ತಿದ್ದವಳಿಗೆ ಸಿಟ್ಟೇ ಬಂತು. ಸೌಮ್ಯವಂತೆ! ಆ ಹೆಂಗಸಿನ ಬಾಯಿಗೆ ಸಿಕ್ಕಿ ಕಣ್ಣೊರೆಸಿಕೊಳ್ಳದೆ ಹೊರಗೆ ಬಂದವರು ನಮ್ಮಲ್ಲಿ ಒಬ್ಬರಾದರೂ ಇದ್ದರೆ ತೋರಿಸಿ. ಸತ್ತ ಮೇಲೆ ಮನುಷ್ಯರನ್ನು ಹೀಗೆ ಸುಣ್ಣ ಬಳಿದು ನಿಲ್ಲಿಸುವುದು ಅವರಿಗಂತೂ ಆಗುತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ತುಮಕೂರಿನ ಒಂದು ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಮದುವೆ ಮಾಡಿಕೊಂಡಿರಲಿಲ್ಲ. ಶೆಟ್ಟಿಹಳ್ಳಿಯಲ್ಲಿ ಗಂಡನನ್ನು ಕಳೆದುಕೊಂಡ ತಂಗಿಯ ಜೊತೆ ಇದ್ದರು. ಧರ್ಮಾಧ್ಯಯನದಲ್ಲಿ ಸಂಶೋಧನೆಗೆ ಸೇರಬೇಕು ಅನ್ನುವ ನಮ್ಮಂಥವರು ಅವರ ಮನೆ ಬಾಗಿಲು ತಟ್ಟುತ್ತಿದ್ದೆವು. ಎಂ.ಎ. ಮಾಡಿಕೊಂಡಿರುತ್ತಿದ್ದೆವು, ಲಿಖಿತ ಪರೀಕ್ಷೆಯನ್ನು ಹೇಗೋ ಬಾಯಿಪಾಠ ಮಾಡಿ ದಾಟುತ್ತಿದ್ದೆವು. ಆಮೇಲೆ ಸಂದರ್ಶನ ಅಂತ ಒಂದಿದೆಯಲ್ಲ, ದೊಡ್ಡವರ ಮುಂದೆ ಕೂತು ನಮ್ಮ ವಿಷಯವನ್ನು ನಾವೇ ಕಾಪಾಡಿಕೊಳ್ಳಬೇಕಾದ ಜಾಗ, ಅಲ್ಲಿ ಮಕಾಡೆ ಬೀಳುತ್ತಿದ್ದೆವು. ಆ ಸಂದರ್ಶನಕ್ಕೆ ಹುರಿಗೊಳಿಸುವುದು ಮೇಡಮ್ ಅವರ ಕೆಲಸ.

ಅವರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಒಬ್ಬರೇ ಹೋದರೂ ತಂಗಿ ಮೂರು ಲೋಟ ಕಾಫಿ ತರುತ್ತಿದ್ದರು. ಒಂದು ಮೇಡಮ್‌ಗೆ, ಒಂದು ನಮಗೆ. ಮೂರನೆಯದನ್ನು ಕಿಟಕಿ ಪಕ್ಕದ ಖಾಲಿ ಬೆತ್ತದ ಕುರ್ಚಿಯ ಮುಂದೆ ಇಡುತ್ತಿದ್ದರು. ಮೊದಲ ದಿನ ನಾನು, ಇನ್ಯಾರೋ ಬರುವವರಿದ್ದಾರೆ ಅಂದುಕೊಂಡು ಸೀರೆ ಸರಿಮಾಡಿಕೊಂಡು ಕೂತಿದ್ದೆ. ಕೇಳಿದ್ದಕ್ಕೆ ಮೇಡಮ್ ಅಂದರು: "ಅದು ನಿನ್ನ ಎದುರಾಳೀದು. ನೀನು ಯಾರ ಮಾತು ಸುಳ್ಳು ಅಂತ ಬರೆಯೋಕೆ ಹೊರಟಿದೀಯೋ, ಅವರು ಅಲ್ಲಿ ಕೂತಿದಾರೆ. ಮನೆಗೆ ಬಂದವರಿಗೆ ಕಾಫಿ ಕೊಡದೆ ಇರೋಕಾಗುತ್ತಾ?"

ಆಮೇಲೆ ಕನ್ನಡಕವನ್ನು ಹಣೆಗೆ ಏರಿಸಿ ಒಂದೇ ಮಾತು ಹೇಳುತ್ತಿದ್ದರು: "ಸರಿ. ಈಗ ಅವರಾಗು."

ಪೂರ್ವಪಕ್ಷ ಅಂತ ನಮ್ಮ ಶಾಸ್ತ್ರಗಳಲ್ಲಿ ಇದೆ. ನಮ್ಮ ವಾದ ಹೂಡುವ ಮೊದಲು ಎದುರಿನವರ ವಾದವನ್ನು ಮಂಡಿಸಬೇಕು. ಎಲ್ಲರೂ ಮಂಡಿಸುತ್ತಾರೆ, ಬೀಳಿಸುವುದಕ್ಕೆ ಅನುಕೂಲವಾಗುವ ಹಾಗೆ ಕೈಕಾಲು ಮುರಿದು ಮಂಡಿಸುತ್ತಾರೆ. ಮೇಡಮ್ ಹತ್ತಿರ ಆ ಆಟ ನಡೆಯುತ್ತಿರಲಿಲ್ಲ. ಎದುರಾಳಿ ಸ್ವತಃ ಕೇಳಿಸಿಕೊಂಡರೆ 'ಹೌದಪ್ಪ, ನಾನು ಹೇಳೋದು ಇದೇ' ಅನ್ನಬೇಕು, ಹಾಗೆ ಹೇಳಬೇಕು. ಹೇಳಿದರೆ ಆ ಮೂರನೇ ಲೋಟ ನಮಗೆ. ಹೇಳದಿದ್ದರೆ ಮೇಡಮ್ ಎದ್ದು ಹೋಗಿ ಆ ಕಾಫಿಯನ್ನು ಹಿತ್ತಲ ಕರಿಬೇವಿನ ಗಿಡದ ಬುಡಕ್ಕೆ ಸುರಿದು ಬರುತ್ತಿದ್ದರು. ಆ ಗಿಡ ನಮ್ಮ ದಡ್ಡತನ ಕುಡಿದೇ ಸೂರಿನೆತ್ತರ ಬೆಳೆದಿತ್ತು.

ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದ ಒಬ್ಬ ಇದ್ದ, ಬಹಳ ಚುರುಕು. ಮೈಮೇಲೆ ದೇವರು ಬರುವುದು ಬರೀ ಮನೋರೋಗ ಅಂತ ಸಂಶೋಧನೆ ಮಾಡಬೇಕೆಂದು ಹೊರಟಿದ್ದ. "ಈಗ ಅವರಾಗು" ಅಂದರು ಮೇಡಮ್. ಅವನು ನಕ್ಕು, "ಅವ್ರಿಗೇನು ಗೊತ್ತು ಮೇಡಮ್, ಓದಿಲ್ಲ ಬರ್ದಿಲ್ಲ, ಮೂಢನಂಬಿಕೆ" ಅಂದ. ಮೇಡಮ್ ಮುಖ ಗಂಟು ಹಾಕಿಕೊಂಡರು. "ಅದು ಅವರ ವಾದ ಅಲ್ಲಪ್ಪ. ಅವರನ್ನ ನೀನು ಬೈದಿದ್ದು. ಎದುರಿಗಿರೋರ ಬಾಯಿ ಮುಚ್ಚಿಸಿ ಗೆದ್ದೆ ಅನ್ನೋನು ಊರ ಗೌಡ ಆಗಬಹುದು, ವಿದ್ಯಾರ್ಥಿ ಆಗಲ್ಲ. ಏಳು, ರೈಲಿಗೆ ಹೊತ್ತಾಯ್ತು." ಅವನು ಅವಮಾನದಿಂದ ಕೆಂಪಗಾಗಿ ಹೋದವನು, ಒಂದಷ್ಟು ದಿನ ಬಿಟ್ಟು ವಾಪಸು ಬಂದ. ದೇವರು ಮೈದುಂಬುವ ತನ್ನ ಸೋದರತ್ತೆಯ ಮನೆಯಲ್ಲೇ ಇದ್ದು ಬಂದಿದ್ದನಂತೆ. ಅವತ್ತು ಮೂರನೇ ಲೋಟ ಅವನಿಗೆ ಸಿಕ್ಕಿತು. ತಣ್ಣಗಾಗಿ ಕೆನೆ ಕಟ್ಟಿದ್ದ ಕಾಫಿಯನ್ನು ತೀರ್ಥದ ಹಾಗೆ ಕುಡಿದ. ಆ ವರ್ಷ ಅವನಿಗೆ ಸೀಟೂ ಆಯಿತು.

ನನ್ನ ಕತೆ ಅಷ್ಟು ಸಲೀಸಾಗಿರಲಿಲ್ಲ. ಎರಡು ಸಲ ಸಂದರ್ಶನದಲ್ಲಿ ಬಿದ್ದಿದ್ದೆ. ಮೂರನೆಯದೇ ಕೊನೆ. ನನ್ನ ವಿಷಯಕ್ಕೆ ಮಾರ್ಗದರ್ಶಕರಾಗಲು ಒಪ್ಪಿದ್ದ ಪ್ರಾಧ್ಯಾಪಕರು ಒಬ್ಬರೇ, ಅವರಿಗೆ ನಿವೃತ್ತಿ ಹತ್ತಿರ ಬಂದಿತ್ತು. ಮುಂದಿನ ವರ್ಷದಿಂದ ಅವರು ಹೊಸಬರನ್ನು ತೆಗೆದುಕೊಳ್ಳುವ ಹಾಗಿರಲಿಲ್ಲ. ಅವರ ಕೈಕೆಳಗೆ ಉಳಿದಿದ್ದದ್ದು ಒಂದೇ ಸೀಟು. ಅದು ತಪ್ಪಿದರೆ ನನ್ನ ಅಜ್ಜಿಯ ವಿಷಯವನ್ನು ಬರೆಯುವುದಕ್ಕೆ ನನಗೆ ಬೇರೆ ಬಾಗಿಲೇ ಇರಲಿಲ್ಲ.

ಹೌದು, ವಿಷಯ ನಮ್ಮಜ್ಜಿಯೇ. ಅಮೃತೂರಿನ ಹತ್ತಿರದ ನಮ್ಮೂರಿನಲ್ಲಿ ಊರಮ್ಮನ ಪೂಜೆ ನಮ್ಮ ಮನೆತನದ್ದು. ತಾತ ಹೋದ ಮೇಲೆ ಅಜ್ಜಿಯೇ ಪೂಜೆ ಹಿಡಿದಳು. ಯಾರೂ ಚಕಾರ ಎತ್ತಲಿಲ್ಲ. ನಾನು ಅವಳ ಸೆರಗು ಹಿಡಿದು ಗುಡಿಯಲ್ಲೇ ಬೆಳೆದೆ. ಆಮೇಲೆ ಊರಿನವರು ಗುಡಿಯನ್ನು ಕೆಡವಿ ದೊಡ್ಡದಾಗಿ ಕಟ್ಟಿದರು. ಆಗಮಿಕರು ಬಂದು ಹೊಸ ವಿಗ್ರಹಕ್ಕೆ ಪ್ರಾಣಪ್ರತಿಷ್ಠೆ ಮಾಡಿದರು. ಇನ್ನು ಮುಂದೆ ದೀಕ್ಷೆ ಪಡೆದ ಗಂಡಸೇ ಪೂಜೆ ಮಾಡಬೇಕು ಅಂತಾಯಿತು. ನಮ್ಮಪ್ಪನ ತಮ್ಮ, ನನ್ನ ಚಿಕ್ಕಪ್ಪ, ದೀಕ್ಷೆ ತೆಗೆದುಕೊಂಡು ಒಳಗೆ ಹೋದ. ಅವನ ಹೆತ್ತ ತಾಯಿ ಹೊರಗೆ ಉಳಿದಳು, ಹೊರಗಿನವಳಾಗಿಯೇ ತೀರಿಕೊಂಡಳು. ಅಂದಿನಿಂದ ನಾನು ಅವನ ಹತ್ತಿರ ಮಾತು ಬಿಟ್ಟಿದ್ದೆ. ಹೆಣ್ಣಿಗೆ ಪೂಜೆಯ ಅಧಿಕಾರ ಇತ್ತು, ಅದನ್ನು ಕಿತ್ತುಕೊಂಡರು, ಅಂತ ಸಾಧಿಸುವುದೇ ನನ್ನ ಸಂಶೋಧನೆಯ ಉದ್ದೇಶವಾಗಿತ್ತು.

ಎರಡೂ ಸಲ ಬಿದ್ದದ್ದು ಯಾಕೆ ಅಂತ ಮೇಡಮ್‌ಗೆ ಮೊದಲ ದಿನವೇ ಗೊತ್ತಾಯಿತು. ನಾನು ಖಾಲಿ ಕುರ್ಚಿಯನ್ನು ನೋಡಿಕೊಂಡು ಚಿಕ್ಕಪ್ಪನ ವಾದ ಹೇಳಲು ಶುರು ಮಾಡಿದೆ, ಮೂರು ವಾಕ್ಯ ದಾಟುವುದರೊಳಗೆ ಬೈಯುತ್ತಿದ್ದೆ. ಕಾಫಿ ಗಿಡಕ್ಕೆ ಹೋಯಿತು. ಮರುವಾರವೂ ಹೋಯಿತು. ಅದರ ಮರುವಾರ ಮೇಡಮ್ ಅಂದರು:

"ಊರಿಗೆ ಹೋಗು. ನಿಮ್ಮ ಚಿಕ್ಕಪ್ಪನ ಹತ್ರ ಕೂತ್ಕೊಂಡು ಕೇಳು. ಕೇಳಿದ್ದನ್ನ ಅವರಿಗೇ ವಾಪಸ್ ಹೇಳು. ಅವರು 'ಹೌದು' ಅನ್ನೋವರೆಗೂ ಇಲ್ಲಿಗೆ ಬರಬೇಡ."

"ಆಗಲ್ಲ ಮೇಡಮ್."

"ಯಾಕಾಗಲ್ಲ?"

"ಅವರ ಮುಖ ನೋಡಲ್ಲ ಅಂತ ಅಜ್ಜಿ ಹೆಣದ ಮುಂದೆ ಅಂದ್ಕೊಂಡಿದೀನಿ."

"ಮುಖ ನೋಡಬೇಡ ಬಿಡು, ಮಾತು ಕೇಳು."

ನನಗೆ ನೆತ್ತಿಗೇರಿತು. "ನಿಮಗೇನು ಮೇಡಮ್, ಕಾಫಿ ಲೋಟ ಇಟ್ಕೊಂಡು ಆಟ ಆಡ್ತೀರ. ಹೊಟ್ಟೆ ಉರಿಯೋದು ನಮಗೆ" ಅಂದುಬಿಟ್ಟೆ. ತಂಗಿ ಅಡುಗೆಮನೆಯ ಬಾಗಿಲಲ್ಲಿ ಕಲ್ಲಾಗಿ ನಿಂತರು. ಮೇಡಮ್ ಮಾತ್ರ ಕನ್ನಡಕ ಒರೆಸುತ್ತಾ, "ಹೊಟ್ಟೆ ಉರಿ ಒಳ್ಳೇದು ಕಣೇ. ಅಡುಗೆ ಆಗಬೇಕಲ್ಲ. ಆದರೆ ಇಂಟರ್‌ವ್ಯೂನಲ್ಲಿ ಬೆಂಕಿ ತೋರಿಸಿದರೆ ಸೀಟು ಕೊಡಲ್ಲ, ಅನ್ನ ತೋರಿಸು" ಅಂದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಇನ್ನು ಈ ಮನೆಗೆ ಕಾಲಿಡುವುದಿಲ್ಲ ಅಂತ ಬಸ್ಸಿನಲ್ಲಿ ಕುಣಿಗಲ್ಲಿನವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಸಂದರ್ಶನ ಹತ್ತಿರ ಬಂದ ಹಾಗೆ ಹಟ ಸಡಿಲವಾಯಿತು. ಒಂದು ಭಾನುವಾರ ಅಮೃತೂರಿನ ಬಸ್ಸು ಹತ್ತಿದೆ. ಚಿಕ್ಕಪ್ಪ ಮನೆಯ ಜಗಲಿಯ ಮೇಲೆ ಕೂತು ಗುಡಿಯ ದೀಪದ ಬತ್ತಿ ಹೊಸೆಯುತ್ತಿದ್ದ. ನನ್ನನ್ನು ನೋಡಿ ಬತ್ತಿ ಕೈಯಲ್ಲೇ ಉಳಿಯಿತು.

"ಏನವ್ವ, ದಾರಿ ತಪ್ಪಿ ಬಂದ್ಯಾ?"

"ನಿಮ್ಮ ಹತ್ರ ಒಂದು ಕೇಳಬೇಕಿತ್ತು."

"ನಿಮ್ಮಾ?" ಅಂದ. ಚಿಕ್ಕವಳಿದ್ದಾಗ ಅವನನ್ನು ನೀನು ಅನ್ನುತ್ತಿದ್ದೆ, ಹೆಗಲ ಮೇಲೆ ಕೂತು ಕಿವಿ ಹಿಂಡುತ್ತಿದ್ದೆ. "ಕೇಳವ್ವ. ನೀವು ಅಂತ್ಲೇ ಕೇಳು."

ಅಜ್ಜಿಯನ್ನು ಯಾಕೆ ಕೆಳಗಿಳಿಸಿದಿರಿ ಅಂತ ಕೇಳಿದೆ. ಅವನು ಮತ್ತೆ ಬತ್ತಿ ಹೊಸೆಯುತ್ತಾ ಹೇಳಿದ. ಹೇಳಿದ್ದನ್ನು ನಾನು ವಾಪಸು ಹೇಳಿದೆ. ಅವನು ತಲೆಯಾಡಿಸಿದ. "ಊಹೂಂ. ಇದು ನನ್ ಮಾತಲ್ಲ, ನಿನ್ ಸಿಟ್ಟು." ಮತ್ತೆ ಹೇಳಿದ. ಮತ್ತೆ ಹೇಳಿದೆ. ಮತ್ತೆ "ಊಹೂಂ" ಅಂದ. ಚಿಕ್ಕಮ್ಮ ಮಜ್ಜಿಗೆ ತಂದಿಟ್ಟು ಬೆದರಿದವರಂತೆ ಒಳಗೆ ಹೋದರು. ಎದ್ದು ಹೋಗಿಬಿಡೋಣ ಅಂತ ಬ್ಯಾಗಿಗೆ ಕೈ ಹಾಕಿದೆ, ಆ ಒಂದೇ ಸೀಟು ನೆನಪಾಗಿ ಕೂತೆ.

"ನೋಡವ್ವ" ಅಂದ ಚಿಕ್ಕಪ್ಪ, "ಮುಂಚೆ ಅಲ್ಲಿದ್ದುದ್ದು ಕಲ್ಲು. ಭೂಮೀಲಿ ತಾನಾಗೇ ಎದ್ದಿದ್ದ ಅಮ್ಮ. ಅವ್ಳಿಗೆ ಯಾರು ನೀರು ಉಯ್ದ್ರೂ ಆಯ್ತದೆ. ಹೊಸ ಇಗ್ರಕ್ಕೆ ಮಂತ್ರ ಹೇಳಿ ಜೀವ ತುಂಬವ್ರೆ. ತುಂಬ್ದೋರು ಒಂದು ಕಟ್ಟುಪಾಡು ಇಟ್ಟವ್ರೆ. ಆ ಕಟ್ಟುಪಾಡು ಮುರುದ್ರೆ ಇಗ್ರದಾಗಿರೋ ಜೀವ ಹೋಯ್ತದೆ, ಬರೀ ಬೊಂಬೆ ಆಯ್ತದೆ ಅಂತ ನಾನು ನಂಬಿವ್ನಿ. ನಾನು ನಮ್ಮವ್ವನ್ನ ಇಳ್ಸಲಿಲ್ಲ ಕಣವ್ವ. ದೇವ್ರೇ ಬದಲಾದ್ಲು. ಹಳೇ ದೇವ್ರಿಗೆ ಅವ್ಳು ಪೂಜಾರಿ, ಹೊಸ ದೇವ್ರಿಗೆ ನಾನು."

ಈ ಸಲ ನಾನು ಬ್ಯಾಗು ಬಿಟ್ಟು, ಕಣ್ಣು ಮುಚ್ಚಿಕೊಂಡು ಅವನಾಗಲು ನೋಡಿದೆ. ಕಲ್ಲು, ವಿಗ್ರಹ, ತುಂಬಿದ ಜೀವ, ಅದು ಹೋಗಿಬಿಟ್ಟೀತು ಅನ್ನುವ ಭಯ. ಎಲ್ಲವನ್ನೂ ಅವನ ಮಾತಿನಲ್ಲೇ ಹೇಳಿ ಮುಗಿಸಿದೆ. ಚಿಕ್ಕಪ್ಪ ಪಂಚೆಯ ಚುಂಗಿನಿಂದ ಮೂಗೊರೆಸಿಕೊಂಡ.

"ಹ್ಞೂ. ಇದೇಯ" ಅಂದ. "ನಮ್ಮವ್ವ ಸಾಯೋವರ್ಗೂ ಕೇಳ್ಲೇ ಇಲ್ಲ ಇದ್ನ. ಯಾರೂ ಕೇಳ್ಲಿಲ್ಲ ಬುಡು." ನಾನು ಬೀದಿಗೆ ಇಳಿದಾಗ ಹಿಂದಿನಿಂದ ಮತ್ತೊಂದು ಮಾತು ಸೇರಿಸಿದ: "ಅವ್ಳು ಬದ್ಕಿರೋವರ್ಗೂ ಅವ್ಳು ಕಟ್ಟಿದ ಹೂವು ಬರದೆ ಒಂದಿನಾನೂ ಮಂಗ್ಳಾರತಿ ಎತ್ತಿಲ್ಲ ಕಣವ್ವ ನಾನು. ಅದ್ನೂ ಬರ್ಕೊ." ಓಹೋ, ದೊಡ್ಡ ಉಪಕಾರ ಮಾಡಿದ ಇವನು ಅಂತ ಮನಸ್ಸಿನಲ್ಲೇ ಅಂದುಕೊಂಡು ಬಸ್ಸಿಗೆ ಓಡಿದೆ.

ಮಾರನೇ ದಿನ ಸಂಜೆ ಶೆಟ್ಟಿಹಳ್ಳಿಗೆ ಹೋದರೆ, ಏನೂ ನಡೆದೇ ಇಲ್ಲವೆಂಬಂತೆ ತಂಗಿ ಮೂರು ಲೋಟ ತಂದರು. ನಾನು ಚಿಕ್ಕಪ್ಪನಾಗಿ ಹೇಳಿದೆ. ಮೇಡಮ್ ಕೇಳಿಕೊಂಡು, "ಇನ್ನೇನಾದ್ರೂ ಅಂದ್ರಾ?" ಅಂದರು. "ಏನಿಲ್ಲ ಮೇಡಮ್, ಅಜ್ಜಿ ಕಟ್ಟಿದ ಹೂವು ಬರದೆ ಆರತಿ ಎತ್ತಿಲ್ಲ ಅಂತ ಏನೋ ಅಂದ್ರು." ಮೇಡಮ್ ಹಣೆಯ ಮೇಲಿದ್ದ ಕನ್ನಡಕವನ್ನು ಕೆಳಗಿಳಿಸಿಕೊಂಡರು. ಆಮೇಲೆ ಮೂರನೇ ಲೋಟವನ್ನು ನನ್ನ ಕಡೆ ತಳ್ಳಿ, "ಕುಡಿ" ಅಂದರು. ಇದಕ್ಕೆ ಉತ್ತರ ಏನು ಹೇಳಬೇಕು ಮೇಡಮ್ ಅಂತ ನಾನು ಗೋಗರೆದೆ. "ನನ್ನ ಕೆಲಸ ಇಲ್ಲಿಗೆ ಮುಗೀತು. ಉತ್ತರ ನಿಂದು" ಅಂದು ಎದ್ದು ಹೋದರು. ಕಲ್ಲು ಹೃದಯದವಳು ಅಂತ ಬೈದುಕೊಂಡೇ ಆ ತಣ್ಣನೆಯ ಕಾಫಿ ಕುಡಿದೆ.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು. ನನ್ನ ಮಾರ್ಗದರ್ಶಕರು ತಲೆ ತಗ್ಗಿಸಿ ಕೂತಿದ್ದರು. ಹೊರಗಿನಿಂದ ಬಂದಿದ್ದ ಹಿರಿಯರೊಬ್ಬರು, ಆಗಮಗಳನ್ನು ಅರೆದು ಕುಡಿದವರಂತೆ, ನನ್ನ ವಿಷಯದ ಶೀರ್ಷಿಕೆ ಓದಿ ಹಾಳೆಯನ್ನು ಮೇಜಿನ ಮೇಲೆ ಬಿಟ್ಟರು.

"ಇದು ಮನೆ ಜಗಳ ಕಣಮ್ಮ. ಸಂಶೋಧನೆ ಎಲ್ಲಿದೆ?"

ಹಿಂದಿನ ಎರಡು ಸಲವೂ ಇದೇ ಜಾಗದಲ್ಲಿ ನಾನು ಸಿಡಿದಿದ್ದೆ. ಈ ಸಲವೂ ಕಿವಿ ಬಿಸಿಯಾಯಿತು. ಆದರೆ ಕಣ್ಣು ಅಲ್ಲಿದ್ದ ಒಂದು ಖಾಲಿ ಕುರ್ಚಿಯ ಮೇಲೆ ಬಿತ್ತು. ಸರಿ, ಈಗ ಅವರಾಗು. ನಾನು ಚಿಕ್ಕಪ್ಪನ ವಾದವನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಮಾತೂ ಕುಂಟಾಗದಂತೆ ಹೇಳಿದೆ. ಹಿರಿಯರು ಮುಂದಕ್ಕೆ ಬಾಗಿದರು. ಹೇಳಿ ಮುಗಿಸುವಾಗ ತಲೆದೂಗುತ್ತಿದ್ದರು.

"ಇಷ್ಟು ಚೆನ್ನಾಗಿ ನೀವೇ ಹೇಳ್ತೀರಿ. ಹಾಗಾದರೆ ಎಲ್ಲಾ ತೀರ್ಮಾನ ಆಯ್ತಲ್ಲ! ಇನ್ನು ಪ್ರಶ್ನೆ ಏನು ಉಳೀತು?"

ಅಯ್ಯೋ ದೇವರೇ, ಎದುರಾಳಿಯ ಮಾತನ್ನು ಕಲಿತು ಕಲಿತು ನನ್ನ ಮಾತನ್ನೇ ತರದೆ ಬಂದಿದ್ದೆ. ಮಾರ್ಗದರ್ಶಕರು ಗಡಿಯಾರ ನೋಡಿದರು. ಇನ್ನೊಬ್ಬರು ಮುಂದಿನವರ ಅರ್ಜಿ ಕೈಗೆತ್ತಿಕೊಂಡರು. ಸೀಟು ಹೋಯಿತು, ಅಜ್ಜಿ ಹೋದಳು, ಅಂತ ಮೇಡಮ್ ಮೇಲೆ ಕೆಟ್ಟ ಕೋಪ ಬಂತು. 'ಇನ್ನೇನಾದ್ರೂ ಅಂದ್ರಾ?' ಅಂತ ಕೇಳಿದ್ದು ಆಗ ನೆನಪಾಯಿತು.

"ಸರ್, ಒಂದು ಉಳಿದಿದೆ" ಅಂದೆ. "ಹೆಣ್ಣಿಗೆ ಅಧಿಕಾರ ಇಲ್ಲ ಅಂತ ನಂಬಿರೋ ಅದೇ ಪೂಜಾರಿ, ಆ ಹೆಂಗಸು ಕಟ್ಟಿದ ಹೂವು ಬರದೆ ಅವಳು ಬದುಕಿರೋವರೆಗೆ ಒಂದು ದಿನವೂ ಮಂಗಳಾರತಿ ಎತ್ತಲಿಲ್ಲ. ಹೊಸ ದೇವರ ಪೂಜೆ ಅವಳಿಗಾಗಿ ಕಾಯ್ತಿತ್ತು. ಅದನ್ನ ಯಾವ ಆಗಮಿಕರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಒಳಗೆ ಹೋಗೋ ಹಾಗಿಲ್ಲ, ಆದರೆ ಅವಳಿಲ್ಲದೆ ಪೂಜೆ ಮುಗಿಯೋ ಹಾಗೂ ಇಲ್ಲ. ಅದಕ್ಕೆ ಏನು ಹೆಸರು ಸರ್? ಅಧಿಕಾರ ಅಲ್ಲ ಅಂದರೆ ಮತ್ತೇನು? ನನ್ನ ಪ್ರಶ್ನೆ ಅದೇ."

ಹಿರಿಯರು ಬಿಟ್ಟಿದ್ದ ಹಾಳೆಯನ್ನು ಮತ್ತೆ ಕೈಗೆ ತೆಗೆದುಕೊಂಡು ಓದುತ್ತಾ, "ಆಯ್ತು, ಹೋಗಿ ಬನ್ನಿ" ಅಂದರು. ಅದರ ಅರ್ಥ ಏನು ಅಂತ ದೇವರಿಗೇ ಗೊತ್ತು.

ಬಸ್ ಸ್ಟ್ಯಾಂಡಿನಿಂದ ಮೇಡಮ್‌ಗೆ ಫೋನ್ ಮಾಡಿದೆ. ಅವರಿಗೆ ಆಗಲೇ ಉಸಿರಾಟದ ತೊಂದರೆ ಶುರುವಾಗಿತ್ತು, ನಡುನಡುವೆ ನಿಲ್ಲಿಸಿ ಮಾತಾಡುತ್ತಿದ್ದರು. ಸೀಟು ಸಿಗುತ್ತಾ ಅಂತ ಕೇಳಲಿಲ್ಲ. "ನಿಮ್ಮ ಚಿಕ್ಕಪ್ಪನ ಮಾತಿಗೆ ಏನೂ ಸೇರಿಸಲಿಲ್ಲ ತಾನೇ?"

"ಇಲ್ಲ ಮೇಡಮ್."

"ಏನೂ ಬಿಡಲಿಲ್ಲ ತಾನೇ?"

"ಇಲ್ಲ ಮೇಡಮ್, ಹೂವು ಸಮೇತ ಹೇಳಿದೆ."

ಆ ಕಡೆಯಿಂದ ನಗು ಕೇಳಿಸಿತು, ಕೆಮ್ಮೂ ಕೇಳಿಸಿತು. "ಹಾಗಾದರೆ ಒಂದಿನ ಅವರನ್ನ ಕರ್ಕೊಂಡು ಬಾರೇ. ಇಷ್ಟು ವರ್ಷ ಖಾಲಿ ಕುರ್ಚಿಗೆ ಕಾಫಿ ಕೊಟ್ಟು ನನಗೂ ಬೇಜಾರಾಗಿದೆ. ಒಬ್ಬರಾದರೂ ನಿಜವಾಗಿ ಬಂದು ಬಿಸಿಬಿಸಿ ಕುಡೀಲಿ." ರಿಸಲ್ಟ್ ಬರಲಿ ಮೇಡಮ್, ಕರ್ಕೊಂಡು ಬರ್ತೀನಿ ಅಂದೆ. ಅದೇ ಅವರ ಜೊತೆ ನಾನಾಡಿದ ಕೊನೆಯ ಮಾತು.

ಅವರ ತಿಥಿಯ ದಿನದವರೆಗೂ ಫಲಿತಾಂಶ ಬಂದಿರಲಿಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿ, ನಿಮ್ಮನ್ನು ನೋಡಬೇಕು ಅಂತಿದ್ದ ಮೇಡಮ್ ಹೋಗಿಬಿಟ್ಟರು ಅಂತ ಮಾತ್ರ ತಿಳಿಸಿದ್ದೆ. ಬರುತ್ತಾನೆ ಅಂದುಕೊಂಡಿರಲಿಲ್ಲ. ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಬಾಳೆ ಎಲೆಯಲ್ಲಿ ಸುತ್ತಿದ ಹೂವಿನ ಮಾಲೆ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದ. ಫೋಟೋಗೆ ಹೂವು ಹಾಕಿ ಕೈಮುಗಿದ. "ನಿನ್ನ ನನ್ ತಾವ ಕಳ್ಸಿದ ಪುಣ್ಯಾತ್ಗಿತ್ತಿ ಇವ್ರೇನಾ?" ಅಂದ. ಎಲ್ಲಿ ಕೂರುವುದು ಅಂತ ಅತ್ತಿತ್ತ ನೋಡಿ, ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತುಬಿಟ್ಟ.

ಆಗ ನನ್ನ ಫೋನು ಹೊಡೆದುಕೊಂಡಿತು. ಗುಬ್ಬಿಯ ಆ ಗೆಳೆಯನ ಮೆಸೇಜು: 'ಅಕ್ಕ, ನಿಮ್ಮ ಹೆಸರಿದೆ! ಕಂಗ್ರಾಟ್ಸ್!' ತಲೆ ಎತ್ತಿ ಮೇಡಮ್ ಅಂತ ಕೂಗಲು ಬಾಯಿ ತೆರೆದೆ. ಎದುರಿಗಿದ್ದದ್ದು ಚಿಕ್ಕಪ್ಪ.

"ಸೀಟು ಆಯ್ತು" ಅಂದೆ ಅವನಿಗೆ.

"ನನ್ನ ತಪ್ಪು ಅಂತ ಬರಿಯಾಕೆ?"

"ಹ್ಞೂ."

ತಂಗಿ ತಟ್ಟೆ ಹಿಡಿದು ಬಂದರು. ಅಭ್ಯಾಸ ಬಿಟ್ಟೀತೆ, ಮೂರೇ ಲೋಟ ಇದ್ದವು. ನನಗೊಂದು ಕೊಟ್ಟು, ಕುರ್ಚಿಯ ಮುಂದೊಂದು ಇಟ್ಟು, ಅಕ್ಕನ ಲೋಟ ಉಳಿದಾಗ ಅದನ್ನು ಹಿಡಿದುಕೊಂಡು ಹಾಗೇ ನಿಂತರು. ನಾನು ಅವರ ಕೈ ಹಿಡಿದು ಪಕ್ಕದಲ್ಲಿ ಕೂರಿಸಿದೆ. ಅವರು ಅಳುತ್ತಲೇ ಒಂದು ಗುಟುಕು ಕುಡಿದರು.

ಚಿಕ್ಕಪ್ಪ ಲೋಟದ ಕಡೆ ನೋಡಲೇ ಇಲ್ಲ. ಗುಡಿಯ ಬಾಗಿಲು ಕಾಯುವವನ ಹಾಗೆ ನೆಟ್ಟಗೆ ಕೂತು, "ಬರಿ, ಚೆನ್ನಾಗ್ ಬರಿ. ಬರ್ದಿದ್ನ ಮೊದ್ಲು ನನ್ ತಾವ ತಂದು ಓದು. ನಾನೇನೂ ಸುಮ್ಕೆ ಒಪ್ಪಾಕಿಲ್ಲ, ಹೇಳಿವ್ನಿ" ಅಂದ.

"ಒಪ್ಪಬೇಡ ಚಿಕ್ಕಪ್ಪ" ಅಂದೆ. "ಮೊದಲು ನೀನು ಕಾಫಿ ಕುಡಿ. ಆರಿಹೋಗುತ್ತೆ."

ಅವನು ನನ್ನ ಮುಖ ನೋಡಿದ. ಆಮೇಲೆ ಲೋಟ ಎತ್ತಿಕೊಂಡು, ಉಫ್ ಉಫ್ ಅಂತ ಊದಿ, ಬಿಸಿ ಇರುವಾಗಲೇ ಪೂರ್ತಿ ಕುಡಿದ.